ಪಾಸ್ಟರ್ ಬದಲಾದರೂ ನಿಲ್ಲದ ಸ್ತ್ರೀ ಸೇವೆ: ಮೆಥೊಡಿಸ್ಟ್ ಸಭೆಯಲ್ಲಿ ಮೊದಲಿನಿಂದ ಕಟ್ಟುವ ಬಗೆ

"ನಮ್ಮ ಸಭೆಯಲ್ಲಿ ಸ್ತ್ರೀಯರ ಕೂಟ ಚೆನ್ನಾಗಿಯೇ ನಡೆಯುತ್ತಿತ್ತು. ಪಾಸ್ಟರ್ ಅವರಿಗೆ ವರ್ಗಾವಣೆಯಾಯಿತು, ಅವರ ಪತ್ನಿ, ಅಂದರೆ ನಮ್ಮ ಅಮ್ಮನವರೂ ಹೊರಟರು, ಕೂಟ ನಿಂತುಹೋಯಿತು. ಈಗ ಮತ್ತೆ ಹೇಗೆ ಶುರು ಮಾಡುವುದು?" ಬೀದರ್, ಯಾದಗಿರಿ ಕಡೆಯ ಓದುಗರೂ ಬೆಂಗಳೂರಿನ ಓದುಗರೂ ಮತ್ತೆ ಮತ್ತೆ ಕೇಳುವುದು ಇದನ್ನೇ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗುವುದಿಲ್ಲ ಎನಿಸಿ, ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಪ್ರಶ್ನೆಯೊಳಗೇ ರೋಗದ ಮೂಲವಿದೆ. ಮೆಥೊಡಿಸ್ಟ್ ಪಾಸ್ಟರುಗಳು ಒಂದೇ ಊರಿನಲ್ಲಿ ಬಹುಕಾಲ ಇರುವುದಿಲ್ಲ. ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ, ಹೆಸರು ಬಂದವರು ಗಂಟುಮೂಟೆ ಕಟ್ಟುತ್ತಾರೆ. ಇದು ಕೊರತೆಯಲ್ಲ, ನಮ್ಮ ಪದ್ಧತಿ. ಮೆಥೊಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿಯ ಕಾಲದಿಂದಲೂ ನಮ್ಮ ಬೋಧಕರು ಸಂಚಾರಿಗಳೇ. ಆದರೂ ಆ ಕಾಲದ ಸಂಘಗಳು ಚದುರಿಹೋಗಲಿಲ್ಲ. ಬೋಧಕರು ಬಂದು ಹೋಗುತ್ತಿದ್ದರು, 'ಕ್ಲಾಸ್ ಲೀಡರ್' ಎನ್ನಿಸಿಕೊಂಡವರು ಊರಿನಲ್ಲೇ ಉಳಿಯುತ್ತಿದ್ದರು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, ಪ್ರಾರ್ಥನಾಲಯದ ಮೇಲಿದ್ದ ಸಾಲ ತೀರಿಸಲು, ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪು ('ಕ್ಲಾಸ್') ಮಾಡಿ, ವಾರಕ್ಕೊಂದು ಪೆನ್ನಿ ಕೂಡಿಸಲು ಗುಂಪಿಗೊಬ್ಬರನ್ನು ನೇಮಿಸಿದರು. ಹಣಕ್ಕೆಂದು ಮನೆಬಾಗಿಲಿಗೆ ಹೋದವರಿಗೆ ಮನೆಯೊಳಗಿನ ಕಷ್ಟ ಕಾಣಿಸಿತು. ಸಾಲದ ಲೆಕ್ಕಕ್ಕೆ ಹುಟ್ಟಿದ ಗುಂಪು ಆತ್ಮಗಳ ಆರೈಕೆಯ ಗುಂಪಾಯಿತು. ಅದನ್ನು ನಡೆಸಿದವರಲ್ಲಿ ಮಹಿಳೆಯರೂ ಇದ್ದರು.

ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ: ಸ್ತ್ರೀ ಸೇವೆಯ ಭಾರವನ್ನು ಪಾಸ್ಟರ್ ಅಮ್ಮನವರೊಬ್ಬರ ಹೆಗಲಿನಿಂದ ಇಳಿಸಿ, ಊರಿನಲ್ಲೇ ಬದುಕಿ ಬಾಳುವ ಎಂಟು ಹತ್ತು ಹೆಂಗಸರ ಕೈಗೆ ಕೊಡಬೇಕು.

ಮೊದಲು ಗೊತ್ತಿರಬೇಕಾದ ಪದಗಳು

ಡಬ್ಲ್ಯು.ಎಸ್.ಸಿ.ಎಸ್. ಎಂಬುದು ನಮ್ಮ ಸಭೆಯಲ್ಲಿ ಮಹಿಳೆಯರ ಅಧಿಕೃತ ಸಂಘ. ಕ್ರೈಸ್ತ ಸೇವೆಗಾಗಿ ಇರುವ ಸ್ತ್ರೀ ಸಮಾಜ ಎಂದು ಅದರ ಅರ್ಥ. ಇದರ ಬೇರು 1869ರಷ್ಟು ಹಳೆಯದು. ಆ ವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ ಬೆರಳೆಣಿಕೆಯ ಹೆಂಗಸರು ಸೇರಿ ಹೊರನಾಡುಗಳ ಸೇವೆಗೆಂದು ಒಂದು ಸ್ತ್ರೀ ಸಂಘ ಕಟ್ಟಿದರು. ಮರುವರ್ಷವೇ ಅವರು ಕಳುಹಿಸಿದ ಇಬ್ಬರು ಭಾರತಕ್ಕೆ ಬಂದಿಳಿದರು. ಇಸಾಬೆಲ್ಲಾ ಥೋಬರ್ನ್ ಲಖನೌದಲ್ಲಿ ಹುಡುಗಿಯರ ಶಾಲೆ ತೆರೆದರು, ವೈದ್ಯೆ ಕ್ಲಾರಾ ಸ್ವೇನ್ ಬರೇಲಿಯಲ್ಲಿ ಹೆಂಗಸರಿಗೆ ಚಿಕಿತ್ಸೆ ಆರಂಭಿಸಿದರು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯ ಹೆಸರಿನಲ್ಲಿರುವ ಮೊದಲ ಮೂರು ಅಕ್ಷರಗಳೂ ಎಲೆನ್ ಥೋಬರ್ನ್ ಕೋವೆನ್ ಎಂಬ ಮಹಿಳೆಯವೇ.

ಪಾಸ್ಟರೇಟ್ ಎಂದರೆ ಒಬ್ಬ ಪಾಸ್ಟರ್ ನೋಡಿಕೊಳ್ಳುವ ಸಭೆ ಅಥವಾ ಸಭೆಗಳ ಗುಂಪು. ಕೆಳಗೆ ಕಮಿಟಿ ಎಂದಾಗಲೆಲ್ಲ ಅದರ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿ ಎಂದುಕೊಳ್ಳಿ. ಜಿಲ್ಲೆ ಎಂದಾಗ ಸರ್ಕಾರದ ಜಿಲ್ಲೆ ಎಂದುಕೊಳ್ಳಬೇಡಿ. ಅದು ಹಲವು ಪಾಸ್ಟರೇಟುಗಳು ಸೇರಿದ ಸಭಾ ಜಿಲ್ಲೆ, ಅದರ ಮೇಲ್ವಿಚಾರಕರೇ ಡಿ.ಎಸ್. ಸಭೆಯ ಕಟ್ಟುಪಾಡುಗಳ ಪುಸ್ತಕವನ್ನು 'ಡಿಸಿಪ್ಲಿನ್' ಎನ್ನುತ್ತಾರೆ. ಪಾಸ್ಟರ್ ಅವರ ಬಳಿ ಒಂದು ಪ್ರತಿ ಇರುತ್ತದೆ. ಅದರಲ್ಲಿ ಮಹಿಳಾ ಸಂಘದ ಕುರಿತ ಭಾಗವನ್ನು ಕೇಳಿ ಓದಿಕೊಳ್ಳಿ.

ಹಳೆ ಮೈಸೂರು ಭಾಗದ ವೆಸ್ಲಿಯನ್ ಮೆಥೊಡಿಸ್ಟ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಕೊಂಡವು. ನೀವು ಆ ಸಭೆಯವರಾದರೆ ಸಂಘದ ಹೆಸರೂ ಕಮಿಟಿಯ ಹೆಸರೂ ಬೇರೆ, ಕೆಲಸದ ದಾರಿ ಇದೇ.

ಶುರುವಿಗೆ ಬೇಕಾದದ್ದು ಬಹಳವೇನಿಲ್ಲ. ಇಬ್ಬರು ಜೊತೆಗಾರ್ತಿಯರು, ಇನ್ನೂರು ಪುಟದ ಒಂದು ನೋಟ್‌ಬುಕ್, ಮೂರು ತಿಂಗಳ ತಾಳ್ಮೆ. ಬ್ಯಾನರ್, ಮೈಕು, ಹೊರಗಿನಿಂದ ಕರೆಸಿದ ಪ್ರಸಂಗಿ, ಒಂದೇ ಬಣ್ಣದ ಸೀರೆ ಇವು ಯಾವುವೂ ಈಗ ಬೇಡ.

ಹಂತ 1: ಹೆಸರು ಬರೆಯಿರಿ

ಸಭೆಯ ಸದಸ್ಯರ ರಿಜಿಸ್ಟರನ್ನು ಕೇಳಿ ಪಡೆಯಿರಿ. ಬಹಳಷ್ಟು ಕಡೆ ಅದು ಮನೆ ಯಜಮಾನನ ಹೆಸರಿನಿಂದ ಶುರುವಾಗುತ್ತದೆ, ಕೆಳಗೆ 'ಹೆಂಡತಿ', 'ತಾಯಿ', 'ಸೊಸೆ' ಎಂದಷ್ಟೇ ಇರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ಹೆಂಗಸಿಗೂ ಅವಳದೇ ಹೆಸರಿನಲ್ಲಿ ಒಂದು ಸಾಲು ಇರಲಿ. ಗೆರೆ ಎಳೆದು ಏಳು ಅಂಕಣ ಮಾಡಿ: ಹೆಸರು, ಓಣಿ, ಮಾಡುವ ಕೆಲಸ, ಕೆಲಸ ಬಿಡುವ ಹೊತ್ತು, ಮನೆಮಾತು, ಓದಲು ಬರುತ್ತದೆಯೇ, ಕೊನೆಯ ಸಲ ಸಭೆಗೆ ಬಂದದ್ದು ಯಾವಾಗ.

ಮೂರು ಭಾನುವಾರ ಆರಾಧನೆ ಮುಗಿದ ಮೇಲೆ ಕೂತು, ಬಂದವರ ಹೆಸರಿನ ಮುಂದೆ ಗುರುತು ಹಾಕಿ. ಮೂರನೆಯ ವಾರದ ಕೊನೆಗೆ ಗುರುತಿಲ್ಲದೆ ಉಳಿದ ಹೆಸರುಗಳೇ ನಿಮ್ಮ ಮೊದಲ ಕೆಲಸ. ಅಲ್ಲಿ ಯಾರು ಇರುತ್ತಾರೆ ಎಂಬುದನ್ನು ನಾನು ಊರೂರಲ್ಲಿ ನೋಡಿದ್ದೇನೆ. ಬೇರೆ ಊರಿನಿಂದ ಮದುವೆಯಾಗಿ ಬಂದ, ಸದಸ್ಯತ್ವ ಇನ್ನೂ ತವರಿನ ಸಭೆಯಲ್ಲೇ ಉಳಿದ ಸೊಸೆಯಂದಿರು. ಗಂಡ ಕ್ರೈಸ್ತನಲ್ಲದ ಮನೆಯಲ್ಲಿರುವವರು. ಗಂಡ ತೀರಿಕೊಂಡ ಮೇಲೆ ಹಿಂದಿನ ಸಾಲಿಗೆ ಸರಿದು, ಅಲ್ಲಿಂದಲೂ ಕಾಣದಾದವರು. ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿ ವರ್ಷಕ್ಕೆರಡು ಸಲ ಊರಿಗೆ ಬರುವವರು. ಹದಿನಾರು ಹದಿನೆಂಟರ ಹುಡುಗಿಯರು.

ಇಲ್ಲಿ ಜನ ಎಡವುವುದು ಒಂದೇ ಕಡೆ: ಈಗಾಗಲೇ ಬರುವ ಐದಾರು ಜನರನ್ನೇ ಕೂರಿಸಿಕೊಂಡು ಪದಾಧಿಕಾರಿಗಳನ್ನು ಆರಿಸಿಬಿಡುತ್ತಾರೆ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಸಿದ್ಧ, ಸಂಘ ಮಾತ್ರ ಇಲ್ಲ. ಆಯ್ಕೆ ಆರು ತಿಂಗಳು ಕಾಯಲಿ.

ಹಂತ 2: ಪಾಸ್ಟರ್ ಅವರ ಒಪ್ಪಿಗೆ, ಕಮಿಟಿಯ ಠರಾವು

ಬಾಯಿಮಾತಿನ ಒಪ್ಪಿಗೆ ಸಾಲದು. ಪಾಸ್ಟರ್ ಬದಲಾದ ದಿನ ಅದೂ ಅವರ ಜೊತೆ ಹೊರಟುಹೋಗುತ್ತದೆ. ನೇರವಾಗಿ ಹೋಗಿ ಹೀಗೆ ಕೇಳಿ: "ಪಾಸ್ಟರ್ ಅವರೇ, ಓಣಿ ಓಣಿಯಲ್ಲಿ ಹೆಂಗಸರ ಸಣ್ಣ ಗುಂಪು ನಡೆಸಬೇಕೆಂದಿದ್ದೇವೆ. ಭಾನುವಾರದ ಆರಾಧನೆಗೆ ಅಡ್ಡ ಬರುವುದಿಲ್ಲ. ತಿಂಗಳಿಗೊಮ್ಮೆ ತಮಗೆ ವರದಿ ಕೊಡುತ್ತೇವೆ. ಕಮಿಟಿಯಲ್ಲಿ ಇಟ್ಟು ಠರಾವು ಮಾಡಿಸಿಕೊಡಿ." ಠರಾವಿನಲ್ಲಿ ಮೂರು ವಿಷಯ ಬರಬೇಕು: ಕೂಟಕ್ಕೆ ಸಭಾಮಂದಿರ ಬಳಸುವ ದಿನ ಮತ್ತು ಕೀಲಿಕೈ ಯಾರ ಬಳಿ ಎಂಬುದು, ಸಂಘದ ಹಣದ ಲೆಕ್ಕ ಪ್ರತ್ಯೇಕವಾಗಿ ಇಡುವುದು, ಮಹಿಳೆಯರ ಪ್ರತಿನಿಧಿ ಪಾಸ್ಟರೇಟ್ ಕಮಿಟಿಯಲ್ಲಿ ಕೂರುವುದು.

ಕೆಲವು ಕಡೆ "ಇದು ಸಭೆಯೊಳಗೆ ಇನ್ನೊಂದು ಸಭೆಯಾಗುತ್ತದೆ" ಎಂಬ ಅನುಮಾನ ಏಳುತ್ತದೆ. ಈ ಅನುಮಾನ ನಮ್ಮ ಮನೆತನಕ್ಕೆ ಹೊಸದಲ್ಲ. 1712ರ ಸುಮಾರಿಗೆ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ, ಅಲ್ಲಿನ ಬೋಧಕರಾಗಿದ್ದ ಗಂಡ ಲಂಡನ್ನಿಗೆ ಹೋಗಿದ್ದಾಗ, ಜಾನ್ ವೆಸ್ಲಿಯ ತಾಯಿ ಸುಸನ್ನಾ ಭಾನುವಾರ ಸಂಜೆ ಮನೆಯಲ್ಲಿ ಮಕ್ಕಳಿಗೆ ಪ್ರಸಂಗ ಓದಿ ಹೇಳುತ್ತಿದ್ದರು. ಆಳುಗಳು ಬಂದರು, ನೆರೆಯವರು ಬಂದರು, ಸೇರುವವರು ಇನ್ನೂರರವರೆಗೂ ಬೆಳೆದರು. ಗಂಡನ ಬದಲಿಗೆ ಇದ್ದ ಸಹಾಯಕ ಬೋಧಕರು ದೂರು ಬರೆದರು, ನಿಲ್ಲಿಸುವುದು ಒಳ್ಳೆಯದು ಎಂದು ಗಂಡ ಬರೆದರು. ನಿಲ್ಲಿಸಬೇಕೆಂದಿದ್ದರೆ ಸ್ಪಷ್ಟವಾಗಿ ಆಜ್ಞೆ ಕೊಡಿ, ಆಗ ದೇವರ ಮುಂದೆ ಉತ್ತರ ಕೊಡುವ ಹೊಣೆ ನನ್ನದಾಗುವುದಿಲ್ಲ ಎಂಬರ್ಥದ ಉತ್ತರ ಸುಸನ್ನಾ ಕಳುಹಿಸಿದರು. ಕೂಟ ನಡೆಯಿತು. ಆ ಅಡುಗೆಮನೆಯಲ್ಲಿ ಕುಳಿತು ಕೇಳಿದ ಮಕ್ಕಳಲ್ಲಿ ಎಂಟು ವರ್ಷದ ಜಾನ್ ಕೂಡ ಒಬ್ಬ. ಅನುಮಾನಪಡುವವರಿಗೆ ಈ ಕತೆಯನ್ನು ಗೌರವದಿಂದ ಹೇಳಿ, ವರದಿಯನ್ನು ತಪ್ಪದೆ ಕೊಡಿ.

ಪಾಸ್ಟರ್ ಅಮ್ಮನವರ ವಿಷಯ. ಅವರನ್ನು ಗೌರವಿಸಿ, ಆದರೆ ಎಲ್ಲ ಕೆಲಸವನ್ನೂ ಅವರ ಮೇಲೆ ಹೇರಬೇಡಿ. ಅವರಲ್ಲಿ ಹಲವರು ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ದುಡಿಯುವವರು. ಕೆಲವರಿಗೆ ಮುಂದೆ ನಿಂತು ಮಾತಾಡುವುದೇ ಸಂಕಟ. ಗಂಡನಿಗೆ ಬಂದ ಕರೆ ತನಗೂ ತಾನಾಗಿ ಬಂದುಬಿಟ್ಟಿದೆ ಎಂದು ಊರು ತೀರ್ಮಾನಿಸಿದಾಗ ಅವರಿಗಾಗುವ ಆಯಾಸವನ್ನು ಯಾರೂ ಕೇಳುವುದಿಲ್ಲ. ನೀವಾದರೂ ಕೇಳಿ.

ಹಂತ 3: ಮನೆ ಭೇಟಿ

ಇಬ್ಬಿಬ್ಬರಾಗಿ ಹೋಗಿ. ಗುರುತಿಲ್ಲದ ಹೆಸರುಗಳ ಮನೆಗೆ ಮೊದಲು. ಅಡುಗೆಯ ಹೊತ್ತು, ನೀರು ಬರುವ ಹೊತ್ತು ಬಿಟ್ಟು ಹೋಗಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಊಟಕ್ಕೆ ಏಳಿಸಿದರೂ ಇನ್ನೊಮ್ಮೆ ಬರುತ್ತೇವೆ ಎನ್ನಿ, ಇಲ್ಲದಿದ್ದರೆ ಮುಂದಿನ ಮನೆಗೆ ಖರ್ಚಿನ ಭಯ ಮುಟ್ಟುತ್ತದೆ. ಯಾಕೆ ಸಭೆಗೆ ಬರಲಿಲ್ಲ ಎಂಬ ಪ್ರಶ್ನೆ ಬಾಯಿಗೆ ಬರಲೇಬಾರದು. ಕೇಳಬೇಕಾದದ್ದು ಎರಡೇ: "ದಿನದಲ್ಲಿ ನಿಮಗೆಂದು ಉಳಿಯುವ ಹೊತ್ತು ಯಾವುದು? ನಾವು ಯಾವ ವಿಷಯಕ್ಕೆ ಪ್ರಾರ್ಥಿಸಬೇಕು?"

ಮೊದಲನೆಯ ಪ್ರಶ್ನೆಗೆ ಬರುವ ಉತ್ತರವನ್ನು ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎರಡನೆಯದಕ್ಕೆ ಬಂದ ಉತ್ತರವನ್ನು ಎಲ್ಲಿಯೂ ಬರೆಯಬೇಡಿ, ಮನಸ್ಸಿನಲ್ಲಿಟ್ಟುಕೊಂಡು ಪ್ರಾರ್ಥಿಸಿ. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋದರೆ ನಿಮ್ಮ ಸೇವೆ ಆ ಓಣಿಯಲ್ಲಿ ಅಲ್ಲಿಗೇ ಮುಗಿಯಿತು. 'ಪ್ರಾರ್ಥನಾ ವಿಷಯ' ಎಂಬ ಹೆಸರಿನಲ್ಲಿ ಹರಡುವ ಚಾಡಿ ಎಷ್ಟು ಮನೆ ಒಡೆದಿದೆ ಎಂಬುದು ನಿಮಗೂ ಗೊತ್ತು.

ಹಂತ 4: ಗುಂಪು ಕಟ್ಟುವುದು

ಇದೇ ಎಲ್ಲದರ ನಡುಗಂಬ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಹೆಸರುಗಳನ್ನು ಓಣಿ ಅಥವಾ ಬಡಾವಣೆಯಂತೆ ಎಂಟರಿಂದ ಹನ್ನೆರಡು ಜನರ ಗುಂಪುಗಳಾಗಿ ಮಾಡಿ. ನಡೆದು ಬರುವಷ್ಟು ಹತ್ತಿರವಿರಲಿ. ಶಿಕ್ಷಕಿಯರ ಗುಂಪು, ಕೂಲಿಯವರ ಗುಂಪು ಎಂದು ಕೆಲಸ ನೋಡಿ ವಿಂಗಡಿಸಬೇಡಿ. ಜಾತಿಯ ನೆರಳು ನಮ್ಮ ಸಭೆಗಳೊಳಗೂ ಇದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಯಾವ ಮನೆಯಲ್ಲಿ ಕೂಟ, ಯಾರ ಮನೆಯ ಚಹಾ ಯಾರು ಕುಡಿಯುವುದಿಲ್ಲ ಎಂಬಲ್ಲಿ ಅದು ತಲೆ ಹಾಕುತ್ತದೆ. ಸರದಿಯ ಪ್ರಕಾರ ಎಲ್ಲರ ಮನೆಯಲ್ಲೂ ಕೂಟ, ಎಲ್ಲರ ಮನೆಯಲ್ಲೂ ಚಹಾ. ಈ ನಿಯಮಕ್ಕೆ ವಿನಾಯಿತಿ ಇಲ್ಲ. ಒಂದು ಕೋಣೆಯ ಮನೆಯಾದರೂ ಸರಿ, ಬಾಗಿಲ ಹೊರಗೆ ಚಾಪೆ ಹಾಸಿದರಾಯಿತು.

ಗುಂಪಿಗೆ ಇಬ್ಬರು ಲೀಡರ್. ಚೆನ್ನಾಗಿ ಮಾತಾಡುವವಳನ್ನು ಹುಡುಕಬೇಡಿ. ಓಣಿಯಲ್ಲಿ ಯಾರಿಗೆ ಜ್ವರ, ಯಾರ ಮನೆಯಲ್ಲಿ ಹೆರಿಗೆ ಹತ್ತಿರ, ಯಾರು ಎರಡು ದಿನದಿಂದ ಕಂಡಿಲ್ಲ ಎಂಬುದು ಯಾರಿಗೆ ಗೊತ್ತಿರುತ್ತದೋ ಅವಳೇ ಲೀಡರ್. ಅವಳಿಗೆ ಓದಲು ಬಾರದಿದ್ದರೆ ಓದು ಬಲ್ಲ, ಮೂವತ್ತೈದರೊಳಗಿನ ಒಬ್ಬಳನ್ನು ಜೊತೆ ಮಾಡಿ. ಅವಧಿ ಎರಡು ವರ್ಷ. ಆಮೇಲೆ ಚಿಕ್ಕವಳು ಮೊದಲ ಸ್ಥಾನಕ್ಕೆ, ಹೊಸಬಳೊಬ್ಬಳು ಎರಡನೆಯ ಸ್ಥಾನಕ್ಕೆ.

ವಾರಕ್ಕೊಮ್ಮೆ, ಒಂದು ಗಂಟೆ ಸಾಕು. ನಾನು ಸೂಚಿಸುವ ಕ್ರಮ ಹೀಗಿದೆ. ಎಲ್ಲರಿಗೂ ಬಾಯಿಪಾಠವಿರುವ ಒಂದು ಕೀರ್ತನೆ. ಸತ್ಯವೇದದ ಒಂದು ಸಣ್ಣ ಭಾಗವನ್ನು ನಿಧಾನವಾಗಿ ಎರಡು ಸಲ ಓದುವುದು, ಬಳಿಕ ಓದಲು ಬಾರದ ಒಬ್ಬಾಕೆ ಅದನ್ನು ತನ್ನ ಮಾತಿನಲ್ಲಿ ಹೇಳುವುದು. ಆಮೇಲೆ ಸುತ್ತು. ಹಳೆಯ ಮೆಥೊಡಿಸ್ಟರು 'ನಿನ್ನ ಆತ್ಮ ಹೇಗಿದೆ' ಎಂದು ಕೇಳುತ್ತಿದ್ದರು. ನಾವು "ಈ ವಾರ ದೇವರೊಂದಿಗೆ ನಿಮ್ಮ ನಡೆ ಹೇಗಿತ್ತು?" ಎಂದು ಕೇಳಬಹುದು. ಒಬ್ಬೊಬ್ಬರಿಗೆ ಮೂರು ನಿಮಿಷ, ಹೇಳಲು ಇಷ್ಟವಿಲ್ಲದವರು ಸುಮ್ಮನಿರಬಹುದು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಬುದ್ಧಿವಾದ ಹೇಳುವಂತಿಲ್ಲ. ಕೊನೆಗೆ ಒಬ್ಬರಿಗಾಗಿ ಇನ್ನೊಬ್ಬರು ಚಿಕ್ಕದಾಗಿ ಪ್ರಾರ್ಥಿಸಿ, ಕರ್ತನ ಪ್ರಾರ್ಥನೆಯೊಂದಿಗೆ ಏಳುವುದು.

ಬರದವರ ಮನೆಗೆ ಲೀಡರುಗಳಲ್ಲಿ ಒಬ್ಬಳು ಮರುದಿನವೇ ಹೋಗಬೇಕು, ವಾರ ಬಿಟ್ಟು ಹೋದರೆ ಅದು ವಿಚಾರಣೆಯಂತೆ ಕಾಣುತ್ತದೆ.

ಎರಡು ಅಪಾಯಗಳು. ಒಂದು, ಯಾರಾದರೂ ಒಬ್ಬರು ಕೂಟವನ್ನು ಪ್ರಸಂಗವಾಗಿ ತಿರುಗಿಸುವುದು. ವಾಕ್ಯ ಚೆನ್ನಾಗಿ ಬಲ್ಲವರಿಂದಲೇ ಇದು ಆಗುತ್ತದೆ. ಅವರನ್ನು ಬೇಸರಪಡಿಸದೆ, ಎಲ್ಲ ಗುಂಪುಗಳೂ ಸೇರುವ ತಿಂಗಳ ದೊಡ್ಡ ಕೂಟದಲ್ಲಿ ಅವರಿಗೆ ಹದಿನೈದು ನಿಮಿಷ ಕೊಡಿ. ಇನ್ನೊಂದು, ಚಹಾದ ಜೊತೆ ಬಿಸ್ಕತ್ತು, ಬಿಸ್ಕತ್ತಿನ ಜೊತೆ ಉಪ್ಪಿಟ್ಟು, ಕೇಸರಿಬಾತು ಎಂದು ಬೆಳೆಯುವುದು. ಮೂರನೆಯ ತಿಂಗಳಿಗೆ ಬಡವರ ಮನೆಯವಳು "ನಮ್ಮ ಮನೆ ಬೇಡ" ಎನ್ನುತ್ತಾಳೆ, ನಾಲ್ಕನೆಯ ತಿಂಗಳಿಗೆ ಬರುವುದನ್ನೇ ಬಿಡುತ್ತಾಳೆ. ಬರಿ ಚಹಾ, ಅಷ್ಟೇ.

ಹಂತ 5: ಹೊತ್ತು ಮತ್ತು ಕಾಲ

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕೂಟ ಇಟ್ಟರೆ ನಿವೃತ್ತರು ಮಾತ್ರ ಬರುತ್ತಾರೆ. ಹಳ್ಳಿಯಲ್ಲಿ ಹೊಲದಿಂದ ಬಂದು, ಮುಖ ತೊಳೆದು, ಒಲೆ ಹಚ್ಚುವ ಮೊದಲಿನ ಹೊತ್ತು ಅಥವಾ ಊಟವಾದ ಮೇಲಿನ ಎಂಟು ಗಂಟೆ ಹೊಂದುತ್ತದೆ. ಒಂದು ಸಂಜೆ ಕಳೆ ತೆಗೆದು ನೇರವಾಗಿ ಕೂಟಕ್ಕೆ ಬಂದ ಒಬ್ಬಾಕೆ ಕುಡುಗೋಲನ್ನು ಹೊಸ್ತಿಲ ಹೊರಗಿಟ್ಟು, ಮಣ್ಣಾದ ಸೀರೆಯ ಅಂಚನ್ನು ಕಾಲ ಕೆಳಗೆ ಮುಚ್ಚಿಕೊಂಡು, ಬಾಗಿಲ ಬಳಿಯೇ ಕುಳಿತದ್ದು ನನ್ನ ಕಣ್ಣ ಮುಂದಿದೆ. ಒಳಗೆ ಜಾಗವಿತ್ತು. ಅಂದಿನಿಂದ ನಾನು ಬಾಗಿಲ ಬಳಿಯೇ ಕೂರುತ್ತೇನೆ.

ವರ್ಷದ ಲೆಕ್ಕವೂ ಬೇಕು. ತೊಗರಿ ಕಟಾವಿನ ದಿನಗಳಲ್ಲಿ ಕೂಟವನ್ನು ಅರ್ಧ ಗಂಟೆಗೆ ಇಳಿಸಿ, ನಿಲ್ಲಿಸಬೇಡಿ. ನವೆಂಬರಿನಲ್ಲಿ ಗಡಿಯಾಚೆ ವಿಕಾರಾಬಾದಿನ ಬಳಿ ಧಾರೂರಿನ ಮೆಥೊಡಿಸ್ಟ್ ಜಾತ್ರೆಗೆ ಜನ ಹೊರಡುವ ವಾರ ಬೇರೆ ಕಾರ್ಯಕ್ರಮ ಇಡಬೇಡಿ, ಗುಂಪಾಗಿ ಅಲ್ಲಿಗೇ ಹೋಗಿ ಬನ್ನಿ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸದವರಿಗೆ, ಮನೆಗೆಲಸದವರಿಗೆ, ಪಾಳಿಯಲ್ಲಿ ದುಡಿಯುವ ನರ್ಸುಗಳಿಗೆ ಭಾನುವಾರದ ಆರಾಧನೆಯ ನಂತರದ ಮುಕ್ಕಾಲು ಗಂಟೆಯೇ ಗತಿ. ದುಡಿಯಲು ಹೊರಗೆ ಹೋದವರಿಗೆ ವಾಟ್ಸ್‌ಆಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸಿ, ಬರಹ ಬೇಡ. ಓದು ಬಾರದವರಿಗೂ ಅದು ತಲುಪುತ್ತದೆ.

ಹಂತ 6: ಏನು ಓದುವುದು

ಮೊದಲ ಮೂರು ತಿಂಗಳಿಗೆ ಹೆಂಗಸರ ಕತೆಗಳಿಂದ ಶುರು ಮಾಡಿ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ನೊವೊಮಿ ಮತ್ತು ಸೊಸೆ ರೂತಳು. ದೇವಾಲಯದಲ್ಲಿ ತುಟಿಯಷ್ಟೇ ಅಲುಗಾಡಿಸಿ ಅತ್ತ ಹನ್ನಳು. ತಂದೆಯ ಆಸ್ತಿಯಲ್ಲಿ ನಮಗೂ ಪಾಲು ಕೊಡಿ ಎಂದು ಮೋಶೆಯ ಮುಂದೆ ನಿಂತು ಕೇಳಿದ ಚಲ್ಪಹಾದನ ಐವರು ಹೆಣ್ಣುಮಕ್ಕಳು: ಅರಣ್ಯಕಾಂಡ 27ನೆಯ ಅಧ್ಯಾಯವನ್ನು ಎಷ್ಟೋ ಜನ ಒಮ್ಮೆಯೂ ಕೇಳಿರುವುದಿಲ್ಲ. ಅವರ ಬೇಡಿಕೆ ನ್ಯಾಯವಾದದ್ದು ಎಂದು ದೇವರೇ ಹೇಳಿದ ಭಾಗ ಬಂದಾಗ ಕೂಟದಲ್ಲಿ ಒಂದು ಕ್ಷಣ ಮೌನ ಬೀಳುತ್ತದೆ. ಹೊಸ ಒಡಂಬಡಿಕೆಯಿಂದ ಬಾವಿಯ ಬಳಿಯ ಸಮಾರ್ಯದ ಹೆಂಗಸು, ಯೊಪ್ಪದಲ್ಲಿ ವಿಧವೆಯರಿಗೆ ಬಟ್ಟೆ ಹೊಲಿದುಕೊಟ್ಟ ತಬಿಥಾ, ವ್ಯಾಪಾರ ಮಾಡುತ್ತಿದ್ದ ಲುದ್ಯ, ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ.

ಬೀದರ್, ಬೆಳಗಾವಿ ಕಡೆ ಒಂದೇ ಗುಂಪಿನಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಮನೆಮಾತಿನವರು ಇರಬಹುದು. ಪ್ರಾರ್ಥನೆ ಅವರವರ ಮಾತಿನಲ್ಲಿ ಆಗಲಿ. ಪುಸ್ತಕದ ಕನ್ನಡದಲ್ಲಿ ಪ್ರಾರ್ಥಿಸಬೇಕೆಂಬ ಸಂಕೋಚವೇ ಹಲವರ ಬಾಯಿ ಕಟ್ಟುತ್ತದೆ.

ಹಂತ 7: ಹಣ

ಸಂಘಗಳು ಒಡೆಯುವುದು ಉಪದೇಶದ ಭೇದದಿಂದ ಅಪರೂಪ, ಹಣದಿಂದ ಹೆಚ್ಚು. ಚಿಕ್ಕದರಿಂದ ಶುರು ಮಾಡಿ. 1956ರಲ್ಲಿ ಶಾಂತಿ ಸಾಲೊಮನ್ ಎಂಬ ಭಾರತೀಯ ಮಹಿಳೆ, ಕೊರಿಯಾಕ್ಕೆ ಹೋಗಲು ವೀಸಾ ಸಿಗದೆ, ಜೊತೆಯವರು ಮುಂದೆ ಹೋದಾಗ ಮನಿಲಾದಲ್ಲಿ ಉಳಿಯಬೇಕಾಯಿತು. ಅಲ್ಲಿ ಅವರಿಗೆ ಹೊಳೆದದ್ದು 'ಅತಿ ಚಿಕ್ಕ ನಾಣ್ಯ'ದ ಅನ್ಯೋನ್ಯತೆ. ಯಾರ ಮೇಲಾದರೂ ಸಿಟ್ಟಿದ್ದಾಗ ಅವರಿಗಾಗಿ ಪ್ರಾರ್ಥಿಸಿ, ತಮ್ಮ ದೇಶದ ಅತಿ ಚಿಕ್ಕ ನಾಣ್ಯವೊಂದನ್ನು ತೆಗೆದಿಡುವುದು. ಅತಿ ಚಿಕ್ಕದೇ ಏಕೆಂದರೆ, ಶ್ರೀಮಂತಳೂ ಬಡವಳೂ ಸಮನಾಗಿ ಕೊಡಲು ಆಗಬೇಕು. ನಿಮ್ಮ ಗುಂಪಿನಲ್ಲಿ ಇದನ್ನು ಆರಂಭಿಸಿ. ಇನ್ನೊಂದು ದಾರಿ ಹಿಡಿ ಅಕ್ಕಿ. ಅಡುಗೆಗೆ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುವ ಈ ಪದ್ಧತಿಯನ್ನು ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಿಂದ ನಡೆಸಿಕೊಂಡು ಬಂದಿದ್ದಾರೆ. ನಮ್ಮ ಕಡೆ ಜೋಳದ ಹಿಡಿ ಆಗಬಹುದು. ತಿಂಗಳ ಕೊನೆಗೆ ಎಲ್ಲ ಡಬ್ಬಿ ಒಂದು ಚೀಲಕ್ಕೆ ಸುರಿದು, ಗುಂಪಿನಲ್ಲೇ ಕಷ್ಟದಲ್ಲಿರುವವರಿಗೆ ಸದ್ದಿಲ್ಲದೆ ಮುಟ್ಟಿಸಿ.

ಲೆಕ್ಕದ ನಿಯಮಗಳು ಕಠಿಣವಾಗಿರಲಿ. ಕಾಣಿಕೆಯನ್ನು ಇಬ್ಬರು ಎಣಿಸಿ, ಇಬ್ಬರೂ ಅಲ್ಲೇ ಸಹಿ ಹಾಕಬೇಕು. ಸಂಘದ ಹಣ ಯಾರ ವೈಯಕ್ತಿಕ ಖಾತೆಗೂ ಹೋಗಬಾರದು. ಸದ್ಯಕ್ಕೆ ಖಜಾಂಚಿಯ ಮೊಬೈಲ್ ನಂಬರಿಗೆ ಹಾಕಿ ಎಂಬ ಮಾತಿನಿಂದಲೇ ಪ್ರಾಮಾಣಿಕ ಹೆಂಗಸರ ಮೇಲೂ ಅಪವಾದ ಬಂದದ್ದಿದೆ. ಬ್ಯಾಂಕಿನಲ್ಲಿ ಇಬ್ಬರ ಸಹಿಯ ಖಾತೆ, ಮೂರು ತಿಂಗಳಿಗೊಮ್ಮೆ ಎಲ್ಲರ ಮುಂದೆ ಲೆಕ್ಕ ಓದುವುದು, ವರ್ಷಕ್ಕೊಮ್ಮೆ ಕಮಿಟಿಗೆ ಒಪ್ಪಿಸುವುದು. ವಿದೇಶಿ ಪ್ರಜೆಗಳಿಂದಾಗಲಿ ಸಂಸ್ಥೆಗಳಿಂದಾಗಲಿ ಬರುವ ಹಣ ಚಿಕ್ಕದಾದರೂ ಮುಟ್ಟಬೇಡಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲದೆ ಅದನ್ನು ಪಡೆಯುವುದು ಅಪರಾಧ.

ಸ್ವಸಹಾಯ ಸಂಘ ಮಾಡಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಮಾಡಬಹುದು, ಒಳ್ಳೆಯದೇ. ನಬಾರ್ಡ್ 1992ರಲ್ಲಿ ಬ್ಯಾಂಕುಗಳೊಡನೆ ಜೋಡಿಸುವ ವ್ಯವಸ್ಥೆ ಆರಂಭಿಸಿದಂದಿನಿಂದ ಇದಕ್ಕೆ ಗಟ್ಟಿ ಹಾದಿ ಇದೆ. ಹತ್ತರಿಂದ ಇಪ್ಪತ್ತು ಜನ, ವಾರದ ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಅಚ್ಚುಕಟ್ಟಾದ ಪುಸ್ತಕ. ಆದರೆ ಪ್ರಾರ್ಥನಾ ಗುಂಪು ಮತ್ತು ಸಾಲದ ಗುಂಪು ಒಂದೇ ದಿನ ಒಂದೇ ಚಾಪೆಯ ಮೇಲೆ ಕೂರಬಾರದು. ಕಂತು ಕಟ್ಟಲಾಗದವಳು ಪ್ರಾರ್ಥನೆಗೂ ಬರುವುದಿಲ್ಲ. ಸ್ವಸಹಾಯ ಸಂಘದಲ್ಲಿ ನೆರೆಯ ಹಿಂದೂ, ಮುಸ್ಲಿಂ ಹೆಂಗಸರೂ ಇರಲಿ, ಅದು ಓಣಿಯ ಸಂಘವಾಗಲಿ.

ಹಂತ 8: ಹೊರಗಿನ ಒಂದು ಕೆಲಸ

ಒಂದೇ ಒಂದು. ಆಸ್ಪತ್ರೆ ಭೇಟಿ, ಬಟ್ಟೆ ಹಂಚುವುದು, ಹೊಲಿಗೆ ತರಗತಿ ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಎಲ್ಲವೂ ಅರ್ಧಕ್ಕೆ ನಿಲ್ಲುತ್ತವೆ. ನನ್ನ ಆಯ್ಕೆ ಕಾಗದಪತ್ರದ ಕೆಲಸ. ವಿಧವಾ ವೇತನ, ಗೃಹಲಕ್ಷ್ಮಿ ಹಣ ಬರಬೇಕಾದ ಎಷ್ಟೋ ಹೆಂಗಸರಿಗೆ ಆಧಾರಿನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇದ್ದು ಅರ್ಜಿ ತಿರುಗಿ ಬಂದಿರುತ್ತದೆ. ಕ್ರೈಸ್ತ ಹೆಸರು ಒಂದು ಕಡೆ, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು ಕಡೆ ಇರುವುದು ನಮ್ಮಲ್ಲಿ ಸಾಮಾನ್ಯ. ತಿಂಗಳಿಗೊಂದು ಶನಿವಾರ ಓದು ಬಲ್ಲ ಇಬ್ಬರು ಹುಡುಗಿಯರು ಕಾಗದಗಳನ್ನು ಹೋಲಿಸಿ ನೋಡಿ, ತಿದ್ದುಪಡಿಗೆ, ಆಮೇಲೆ ನಾಡಕಚೇರಿಗೆ ಜೊತೆಯಾಗಿ ಹೋಗಲಿ. ಸಭೆಯವರೇ ಆಗಬೇಕೆಂದಿಲ್ಲ, ಕೇಳಿಕೊಂಡು ಬಂದ ಯಾರಿಗಾದರೂ ಮಾಡಿಕೊಡಿ. ಸಹಾಯಕ್ಕೆ ಪ್ರತಿಯಾಗಿ ಕೂಟಕ್ಕೆ ಬನ್ನಿ ಎಂಬ ಮಾತು ಬೇಡ. ಹಾಗೆ ಕೇಳಿದರೆ ಅದು ವ್ಯಾಪಾರ.

ಹಂತ 9: ಒಬ್ಬಾಕೆ ಅಳುತ್ತಾ ಬಂದ ದಿನ

ಗುಂಪು ನಿಜವಾಗಿಯೂ ಕಟ್ಟಿಕೊಂಡಿದ್ದರೆ ಮೊದಲ ವರ್ಷದೊಳಗೇ ಈ ದಿನ ಬರುತ್ತದೆ, ಅದಕ್ಕೆ ಮೊದಲೇ ಸಿದ್ಧರಾಗಿರಿ. ಗಂಡ ಹೊಡೆಯುತ್ತಾನೆ ಎಂದು ಹೇಳಿದವಳಿಗೆ "ತಾಳಿಕೋ, ಪ್ರಾರ್ಥಿಸು, ಅವನು ಬದಲಾಗುತ್ತಾನೆ" ಎಂದು ಹೇಳಿ ಕಳುಹಿಸಬೇಡಿ. ಈ ಮಾತು ನಮ್ಮ ಸಭೆಗಳಲ್ಲಿ ಎಷ್ಟು ಹೆಂಗಸರನ್ನು ಒಬ್ಬಂಟಿ ಮಾಡಿದೆಯೋ. ಗಂಡನನ್ನು ಕರೆಸಿ ಅವಳ ಎದುರಿನಲ್ಲೇ ರಾಜಿ ಮಾಡಿಸಲು ಹೊರಡಬೇಡಿ, ಆ ರಾತ್ರಿ ಮನೆಯಲ್ಲಿ ಅದರ ಬೆಲೆ ತೆರುವವಳು ಅವಳು. ಮೊದಲು ಪೂರ್ತಿ ಕೇಳಿ. "ಇವತ್ತು ರಾತ್ರಿ ಮನೆಗೆ ಹೋಗಲು ಭಯವಿದೆಯೇ?" ಎಂದು ನೇರವಾಗಿ ಕೇಳಿ. ಹೌದು ಎಂದರೆ ಅವಳು ಎಲ್ಲಿ ಮಲಗಬೇಕು ಎಂಬುದನ್ನು ಮೊದಲು ನೋಡಿ, ಉಳಿದದ್ದು ಆಮೇಲೆ.

ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳ ವಿಷಯಕ್ಕೆ 1098. ಈ ಮೂರು ಸಂಖ್ಯೆಗಳು ಪ್ರತಿ ಲೀಡರಿನ ಬಾಯಲ್ಲಿರಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಂರಕ್ಷಣಾಧಿಕಾರಿಗಳಿದ್ದಾರೆ, 'ಸಖಿ' ಕೇಂದ್ರಗಳಲ್ಲಿ ತಂಗುವ ವ್ಯವಸ್ಥೆ, ವೈದ್ಯಕೀಯ ನೆರವು, ಕಾನೂನಿನ ಸಲಹೆ ಒಂದೇ ಕಡೆ ಸಿಗುತ್ತವೆ. ಅವಳ ಒಪ್ಪಿಗೆ ಇಲ್ಲದೆ ವಿಷಯವನ್ನು ಪಾಸ್ಟರ್ ಅವರಿಗೂ ಹೇಳಬೇಡಿ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯವಾದರೆ ಮಾತ್ರ ಗುಟ್ಟು ಕಾಯುತ್ತೇನೆ ಎಂದು ಮಾತು ಕೊಡಬೇಡಿ. 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಪ್ಪು ಮಾಡಿದವರು ಸಭೆಯಲ್ಲಿ ಎಷ್ಟೇ ದೊಡ್ಡವರಾಗಿರಲಿ, "ಸಭೆಯ ಮರ್ಯಾದೆ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಹಂತ 10: ಆಯ್ಕೆ, ಜಿಲ್ಲೆಯ ಸಂಪರ್ಕ, ಒಪ್ಪಿಸಿಕೊಡುವ ಪುಸ್ತಕ

ಆರು ತಿಂಗಳಾದ ಮೇಲೆ ಗುಂಪಿನ ಲೀಡರುಗಳೆಲ್ಲ ಸೇರಿ ಡಬ್ಲ್ಯು.ಎಸ್.ಸಿ.ಎಸ್. ಪದಾಧಿಕಾರಿಗಳನ್ನು ಆರಿಸಲಿ. ಹೆಸರುಗಳನ್ನು ಜಿಲ್ಲೆಯ ಸಂಘಕ್ಕೆ ಬರೆದು ಕಳುಹಿಸಿ, ಅಲ್ಲಿನ ತರಬೇತಿಗಳಿಗೆ ಪ್ರತಿ ಸಲ ಬೇರೆ ಬೇರೆಯವರನ್ನು ಕಳುಹಿಸಿ. ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ, ಅಂದಿನ ಆರಾಧನೆಯ ಕ್ರಮವನ್ನು ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಬರೆಯುತ್ತಾರೆ. ಊರಿನ ಬೇರೆ ಸಭೆಗಳ ಹೆಂಗಸರನ್ನೂ ಕರೆಯಲು ಇದಕ್ಕಿಂತ ಒಳ್ಳೆಯ ದಿನವಿಲ್ಲ.

ಕೊನೆಯದಾಗಿ, ಗಟ್ಟಿ ರಟ್ಟಿನ ಒಂದು ಪುಸ್ತಕ. ಅದರಲ್ಲಿ ಗುಂಪುಗಳ ಪಟ್ಟಿ, ಲೀಡರುಗಳ ಹೆಸರು ಮತ್ತು ಅವಧಿ, ಕಮಿಟಿ ಠರಾವಿನ ಪ್ರತಿ, ಲೆಕ್ಕದ ಕೊನೆಯ ಪುಟ, ವರ್ಷದ ಕ್ಯಾಲೆಂಡರ್, ಹಾಸಿಗೆ ಹಿಡಿದವರ ಮತ್ತು ಒಂಟಿಯಾಗಿರುವವರ ಹೆಸರು ಇರಲಿ. ಮನೆಗಳ ಗುಟ್ಟು ಒಂದೂ ಇರಬಾರದು. ಇದು ಪಾಸ್ಟರ್ ಅವರ ಮನೆಯಲ್ಲಿ ಇರಬಾರದು, ಕಾರ್ಯದರ್ಶಿಯ ಮನೆಯಲ್ಲಿರಲಿ. ವರ್ಗಾವಣೆಯ ಪಟ್ಟಿ ಬಂದಾಗ ಹೊರಡುವ ಅಮ್ಮನವರನ್ನು ಪ್ರಾರ್ಥಿಸಿ ಕಳುಹಿಸಿಕೊಡಿ. ಹೊಸಬರು ಬಂದು ಸಾಮಾನು ಇಳಿಸಿದ ವಾರ, ಪುಸ್ತಕ ಹಿಡಿದುಕೊಂಡು ಇಬ್ಬರು ಅವರ ಮನೆಗೆ ಹೋಗಿ, ನೀರಿನ ಹೊತ್ತು, ಹಾಲು ಕೊಡುವವರು, ಹತ್ತಿರದ ಶಾಲೆ ಇವನ್ನೆಲ್ಲ ಮೊದಲು ಹೇಳಿ, ಆಮೇಲೆ ಪುಸ್ತಕ ತೋರಿಸಿ. ಆ ವಾರದ ಕೂಟ ಎಂದಿನ ಹೊತ್ತಿಗೆ, ಸರದಿ ಬಂದ ಮನೆಯಲ್ಲೇ ನಡೆಯಲಿ. ಹೊಸ ಅಮ್ಮನವರಿಗೆ ಮುಂದೆ ಕುರ್ಚಿ ಹಾಕಬೇಡಿ. ಚಾಪೆಯ ಮೇಲೆ ಎಲ್ಲರ ನಡುವೆ ಜಾಗ ಮಾಡಿಕೊಡಿ, ಸುತ್ತು ಅವರ ಬಳಿ ಬಂದಾಗ ಅವರಿಗೂ ಅದೇ ಮೂರು ನಿಮಿಷ ಕೊಡಿ.